ಕಿಸೆಯೊಳಗಿನ ಹಗೇವು

ಇಂದು ಬಿತ್ತಿ ನಾಳೆ ಉಣ್ಣುವುದು ಯಾರಿಗೂ ಸಾಧ್ಯವಿಲ್ಲ. ಆದುದರಿಂದಲೇ ಕೂಡಿಡುವ ವಿದ್ಯೆಯು ಬೇಸಾಯದಷ್ಟೇ ಹಳೆಯದು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಜೋಳ ಬೆಳೆಯುವ ಒಕ್ಕಲು ಮನೆತನಗಳು ಹಿಂದೆ ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದವು. ಪೇಟೆಗೆ ಒಯ್ಯಬೇಕಾದುದನ್ನು ಚೀಲಕ್ಕೆ ಕಟ್ಟುತ್ತಿದ್ದವು. ಹಗೇವು ಮನೆಯನ್ನು ಬಿಟ್ಟು ಕದಲದು. ಚೀಲವಾದರೋ ಹೆಗಲೇರಿ ಎಲ್ಲಿಗಾದರೂ ಹೋಗಬಲ್ಲದು.

ಅದೇ ಸೀಮೆಯ ಜನರ ಕಿಸೆಯಲ್ಲಿಂದು ಸ್ಮಾರ್ಟ್‌ಫೋನ್ ಇದೆ. ಅದರಲ್ಲಿಯೂ ಹಗೇವು ಮತ್ತು ಚೀಲಗಳೆರಡೂ ಉಂಟು. ಫೋನಿನೊಳಗೆ ಬೆಸೆದಿರುವ ಒಳಸಂಗ್ರಹವು ಹಗೇವಿನಂತೆ. ತೆಗೆದು ಹಾಕಬಹುದಾದ ಮೆಮೊರಿ ಕಾರ್ಡು ಚೀಲದಂತೆ. ಇವೆರಡಕ್ಕೂ ಆಧಾರವಾದ ಫ್ಲ್ಯಾಶ್ ಸ್ಮೃತಿಯನ್ನು 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಎಂಬ ವಿಜ್ಞಾನಿ ಕಂಡುಹಿಡಿದರು. ವಿದ್ಯುತ್ತು ನಿಂತರೂ ಅದರಲ್ಲಿ ಬರೆದುದು ಅಳಿಯುವುದಿಲ್ಲ. ಇಂದಿನ ಮೈಕ್ರೊ ಎಸ್‌ಡಿ ಕಾರ್ಡಿನ ಉದ್ದ 15 ಮಿಲಿಮೀಟರು, ಅಗಲ 11 ಮಿಲಿಮೀಟರು ಮಾತ್ರ.

ಹೀಗಿದ್ದರೂ ಬಳಸುವವರ ಗೋಳು ತಪ್ಪಿಲ್ಲ. ಕಾರ್ಡು ಬರಿದಾಗಿದ್ದರೂ ಫೋನು ‘ಸ್ಥಳವಿಲ್ಲ’ ಎನ್ನುತ್ತದೆ. ಚೀಲ ಖಾಲಿಯಿರಲು ಕಾಳು ಸುರಿಯಲು ಎಡೆಯಿಲ್ಲವೆಂದರೆ ಯಾರಿಗೆ ತಾನೇ ಬೇಸರವಾಗದು? ಇದಕ್ಕೆ ಕಾರಣಗಳಿವೆ. ಆ್ಯಪ್‌ಗಳಿಗೆ ವೇಗವೂ ಸ್ಥಿರತೆಯೂ ಬೇಕು. ಕಾರ್ಡು ಸಾಮಾನ್ಯವಾಗಿ ಒಳಸಂಗ್ರಹಕ್ಕಿಂತ ನಿಧಾನ. ಮೇಲಾಗಿ ಯಾವ ಗಳಿಗೆಯಲ್ಲಾದರೂ ಅದನ್ನು ಹೊರತೆಗೆಯಬಹುದು. ಬೇರೆ ಯಂತ್ರದಲ್ಲಿಟ್ಟರೆ ಅದರೊಳಗಿನದನ್ನು ಯಾರು ಬೇಕಾದರೂ ಓದಬಹುದು. ಈ ಅಪಾಯಗಳನ್ನು ಎಣಿಸಿ, 2013ರಲ್ಲಿ ಬಂದ ಆಂಡ್ರಾಯ್ಡ್‌ನ 4.4ನೆಯ ಆವೃತ್ತಿಯು, ಆ್ಯಪ್‌ಗಳು ಕಾರ್ಡಿನಲ್ಲಿ ತಮಗೆ ಮೀಸಲಾದ ಭಾಗದ ಹೊರಗೆ ಮನಬಂದಂತೆ ಬರೆಯಕೂಡದೆಂಬ ಕಟ್ಟುಪಾಡನ್ನು ವಿಧಿಸಿತು.

2015ರ 6ನೆಯ ಆವೃತ್ತಿಯು ಮತ್ತೊಂದು ಉಪಾಯವನ್ನು ತಂದಿತು. ಕಾರ್ಡನ್ನು ಒಳಸಂಗ್ರಹದ ಅಂಗವಾಗಿಯೇ ಸೇರಿಸಿಕೊಳ್ಳಲು ಅದು ಅವಕಾಶವಿತ್ತಿತು. ಆದರೆ ಹಾಗೆ ಸೇರಿಸುವಾಗ ಕಾರ್ಡಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಅನಂತರ ಬರೆದುದು ಗೂಢಲಿಪಿಗೆ ಮಾರ್ಪಡುವುದರಿಂದ ಆ ಫೋನೊಂದರಲ್ಲಲ್ಲದೆ ಬೇರೆಲ್ಲಿಯೂ ಅದನ್ನು ಓದಲಾಗದು. ಫೋನು ಕೆಟ್ಟರೆ ಕಾರ್ಡಿನಲ್ಲಿದ್ದುದೂ ಕೈತಪ್ಪಿದಂತೆಯೇ. ಎಲ್ಲ ತಯಾರಕರೂ ಈ ಸೌಲಭ್ಯವನ್ನು ಕೊಡಲಿಲ್ಲ. ಕಾರ್ಡಿಗೆ ಎಡೆಯನ್ನೇ ಇಡದ ಫೋನುಗಳೂ ಈಗ ಅನೇಕ.

ಇದು ಕೇವಲ ಅನುಕೂಲದ ಮಾತಲ್ಲ. 2020ರಿಂದ ಕರ್ನಾಟಕದ ರೈತರು ತಮ್ಮ ಹೊಲದ ಬೆಳೆಯನ್ನು ಛಾಯಾಚಿತ್ರ ಸಹಿತವಾಗಿ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಾವೇ ದಾಖಲಿಸಬಹುದಾಗಿದೆ. ಬೆಳೆವಿಮೆ, ಬೆಳೆಹಾನಿಯ ಪರಿಹಾರಗಳಿಗೆ ಆ ದಾಖಲೆ ಬೇಕಾಗುತ್ತದೆ. ಕಡೆಯ ದಿನ ಹತ್ತಿರ ಬಂದಾಗ ಫೋನಿನಲ್ಲಿ ಸ್ಥಳವಿಲ್ಲದಿದ್ದರೆ ಮೆಕ್ಕೆಜೋಳ ಬೆಳೆದವನು ಬೇರೆಯವರ ಫೋನಿಗಾಗಿ ಅಲೆಯಬೇಕಾದೀತು.

ಸ್ಥಳವನ್ನು ನುಂಗುವುದು ಬರವಣಿಗೆಯಲ್ಲ. ಯೂನಿಕೋಡ್ ಲಿಪಿಸಂಕೇತದಲ್ಲಿ ‘ಕನ್ನಡ’ ಎಂಬ ಪದಕ್ಕೆ ಸಾಮಾನ್ಯವಾಗಿ 15 ಬೈಟುಗಳು ಸಾಕು. 30 ಲಕ್ಷ ಬೈಟುಗಳ ಒಂದೇ ಒಂದು ಛಾಯಾಚಿತ್ರದ ಸ್ಥಳದಲ್ಲಿ ಆ ಪದವನ್ನು 2 ಲಕ್ಷ ಸಲ ಬರೆದಿಡಬಹುದು! ಚಿತ್ರಗಳನ್ನೂ ಚಲಚ್ಚಿತ್ರಗಳನ್ನೂ ಕಾರ್ಡಿಗೆ ಸಾಗಿಸಿ, ಒಳಸಂಗ್ರಹವನ್ನು ಆ್ಯಪ್‌ಗಳಿಗೆ ಬಿಡುವುದು ಜಾಣತನ. ಫೋನಿನಲ್ಲಿ ಸೂಚನೆ ಕೊಟ್ಟ ಬಳಿಕವೇ ಕಾರ್ಡನ್ನು ಹೊರತೆಗೆಯಬೇಕು. ಮುಖ್ಯವಾದುದರ ಪ್ರತಿಯೊಂದನ್ನು ಬೇರೆಡೆಯೂ ಇಟ್ಟಿರಬೇಕು.

ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಷರೀಫರು 1889ರಲ್ಲಿ ತೀರಿಕೊಂಡರು. ಅವರ ತತ್ತ್ವಪದಗಳು ಉಳಿದುಬಂದುದು ಒಂದೇ ಪೆಟ್ಟಿಗೆಯಲ್ಲಿ ಅಲ್ಲ, ಊರೂರಿನ ಹಾಡುಗಾರರ ಕಂಠದಲ್ಲಿ. ಹಲವೆಡೆ ಇದ್ದುದು ಅಳಿಯದು. ಹಗೇವಿನ ಕಾಲದಲ್ಲಿ ನಿಜವಾಗಿದ್ದ ಈ ಮಾತು ಫೋನಿನ ಕಾಲದಲ್ಲಿಯೂ ನಿಜ.