ಬಾರದವರ ಕಾರ್ಡುಗಳು

ಜ್ವರ ಬಂದವರು ತಾವಾಗಿಯೇ ಡಾಕ್ಟರ ಹತ್ತಿರ ಬರುತ್ತಾರೆ. ಬಿ.ಪಿ., ಶುಗರ್ ಇರುವವರು ಹಾಗಲ್ಲ. ಬಿ.ಪಿ. ಏರಿದ್ದು ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಮಾತ್ರೆ ಬಿಟ್ಟು ತಿಂಗಳುಗಟ್ಟಲೆ ಆರಾಮಾಗಿ ಓಡಾಡಿಕೊಂಡಿದ್ದವರು ಲಕ್ವ ಹೊಡೆದ ಮೇಲೆ ದೊಡ್ಡಾಸ್ಪತ್ರೆ ಸೇರುತ್ತಾರೆ. ಹಾಗಾಗಿ ಇಂದು ಯಾರು ಬಂದಿಲ್ಲ ಎಂಬುದು ಸಣ್ಣ ಕ್ಲಿನಿಕ್ಕಿಗೂ ಗೊತ್ತಿರಬೇಕು.

2017ರಲ್ಲಿ ಕೆಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಶುರುವಾದ ರಕ್ತದೊತ್ತಡ ನಿಯಂತ್ರಣ ಯೋಜನೆ ಈ ಕೆಲಸವನ್ನು ತುಂಬ ಸರಳವಾಗಿ ಮಾಡಿತು: ರೋಗಿಗೊಂದು ಕಾರ್ಡು, ತಪ್ಪಿಸಿಕೊಂಡವರ ಪಟ್ಟಿ, ಅವರಿಗೆ ಫೋನು. ಡಾಕ್ಟರ್ ಒಬ್ಬರು, ಸಿಸ್ಟರ್ ಒಬ್ಬರು ಇರುವ ಕ್ಲಿನಿಕ್ಕಿಗೂ ಇದು ಒಗ್ಗುತ್ತದೆ, ಕಂಪ್ಯೂಟರೂ ಬೇಕಿಲ್ಲ.

ಒಂದು ಪೆಟ್ಟಿಗೆಯಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಖಾನೆ ಮಾಡಿ. ಕಾರ್ಡಿನ ಮೇಲೆ ಹೆಸರು, ಊರು, ಫೋನ್ ನಂಬರ್, ಇಂದಿನ ಬಿ.ಪಿ., ಕೊಟ್ಟ ಮಾತ್ರೆ. ರೋಗಿ ಮುಂದೆ ಬರಬೇಕಾದ ತಿಂಗಳ ಖಾನೆಗೆ ಆ ಕಾರ್ಡನ್ನು ಹಾಕಿ. ಬಂದಾಗ ತೆಗೆದು, ಬರೆದು, ಮುಂದಿನ ಖಾನೆಗೆ ಸರಿಸಿ. ತಿಂಗಳ ಕೊನೆಗೆ ಆ ಖಾನೆಯಲ್ಲೇ ಉಳಿದವು ಬಾರದವರ ಕಾರ್ಡುಗಳು. ಹುಡುಕುವ ಕೆಲಸವೇ ಇಲ್ಲ.

ಇನ್ನು ಫೋನು. ಎಲ್ಲರಿಗೂ ಒಂದೇ ವಾಟ್ಸಾಪ್ ಸಂದೇಶ ಕಳಿಸಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ನಂಬರು ಎಷ್ಟೋ ಸಲ ಮಗನದಾಗಿರುತ್ತದೆ, ಓದಿದವರು ಯಾರೋ ಏನೋ. ಪರಿಚಯದ ಸಿಸ್ಟರೇ ಮಾತಾಡಬೇಕು. “ಯಾಕೆ ಬರಲಿಲ್ಲ?” ಎಂದರೆ ಆ ಕಡೆಯವರು ಮುದುಡಿಕೊಳ್ಳುತ್ತಾರೆ. “ಅಮ್ಮಾ, ಮಾತ್ರೆ ಮುಗಿದಿರಬೇಕಲ್ವಾ? ಹೇಗಿದೀರಿ?” ಎಂದರೆ ನಿಜ ಹೊರಬರುತ್ತದೆ: ಈಗ ಚೆನ್ನಾಗಿದೀನಿ ಅಂತ ಬಿಟ್ಟೆ, ಹಳೇ ಚೀಟಿ ತೋರಿಸಿ ಮೆಡಿಕಲ್ಲಲ್ಲೇ ತಗೊಂಡೆ, ಕುಯಿಲು ಇತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಪ್ರತಿಯೊಂದಕ್ಕೂ ಬೇರೆ ದಾರಿ ಇದೆ. ದುಡ್ಡಿಲ್ಲದವರಿಗೆ ಜನೌಷಧಿ ಅಂಗಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಉಚಿತ ಮಾತ್ರೆ ತೋರಿಸಬೇಕು, ನಮ್ಮ ಕ್ಲಿನಿಕ್ಕಿಗೆ ಒಬ್ಬ ರೋಗಿ ಕಡಿಮೆಯಾದರೂ ಸರಿಯೇ. ಹಳ್ಳಿಯವರಿಗೆ ಸಂತೆಯ ದಿನ ಕೊಟ್ಟರೆ ಬಸ್ ಚಾರ್ಜೂ ಉಳಿಯುತ್ತದೆ. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ ಎಂದು ಫೋನಲ್ಲೇ ಹೇಳಿಬಿಡಿ. ಬೆಳಗ್ಗೆ ಉಪವಾಸ ಇರಲಾರೆವೆಂದು ತಪ್ಪಿಸುವವರೂ ಇದ್ದಾರೆ.

ಫೋನ್ ಮಾಡಬಹುದೇ ಎಂದು ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ. ಬೇರೆಯವರು ಎತ್ತಿಕೊಂಡರೆ ಕಾಯಿಲೆಯ ಹೆಸರೆತ್ತಬೇಡಿ. ಕ್ಲಿನಿಕ್ಕಿನಿಂದ ಮಾತಾಡಬೇಕಿತ್ತು ಎಂದರೆ ಸಾಕು.

ದಿನವಿಡೀ ಫೋನಲ್ಲೇ ಕೂರಲಾಗದು. ಕಳೆದ ಸಲ ಬಿ.ಪಿ. 180/110 ದಾಟಿದವರು, ಇನ್ಸುಲಿನ್ ತೆಗೆದುಕೊಳ್ಳುವವರು, ಒಮ್ಮೆ ಲಕ್ವ ಅಥವಾ ಹೃದಯಾಘಾತ ಆದವರು, ಕಾಲಲ್ಲಿ ಹುಣ್ಣಿರುವವರು: ಇವರ ಕಾರ್ಡಿನ ಮೂಲೆಗೆ ಕೆಂಪು ಗುರುತು ಹಾಕಿ. ಇವರಿಗೆ ತಿಂಗಳ ಕೊನೆವರೆಗೆ ಕಾಯಬಾರದು, ತಾರೀಕು ತಪ್ಪಿದ ವಾರದಲ್ಲೇ ಫೋನ್ ಹೋಗಬೇಕು. ಎತ್ತದಿದ್ದರೆ ಮನೆಯವರ ನಂಬರಿಗೆ.