ಯಂತ್ರ ಬರೆದ ಪ್ರಬಂಧಕ್ಕೆ ಹೊಣೆ ಯಾರು?

ಈ ಸಂಚಿಕೆಗೆ ಬಂದ ಲೇಖನಗಳನ್ನು ಓದುತ್ತ ಕುಳಿತಿದ್ದಾಗ ಮಡಕಶಿರಾ ಸೀಮೆಯ ಒಂದು ಹಳ್ಳಿಯ ಶಾಸನಗಳನ್ನು ಕುರಿತ ಪ್ರಬಂಧವೊಂದು ನಮ್ಮ ಕೈಸೇರಿತು. ಬರೆದವರು ತರುಣ ಉಪಾಧ್ಯಾಯರು. ಭಾಷೆ ತಡೆಯಿಲ್ಲದೆ ಸಾಗಿತ್ತು. ಕೊನೆಯಲ್ಲಿ ಹನ್ನೊಂದು ಅಡಿಟಿಪ್ಪಣಿಗಳು. ಓದಿ ಸಂತೋಷಪಟ್ಟೆವು. ಆದರೆ ಉತ್ತರ ಸರಿಯಿದ್ದರೂ ಲೆಕ್ಕ ಮಾಡಿದ ದಾರಿಯನ್ನು ನೋಡದೆ ಅಂಕ ಕೊಡಬಾರದೆಂಬುದು ಉಪಾಧ್ಯಾಯ ವೃತ್ತಿಯ ಹಳೆಯ ಚಟ. ಹಳೆಯ ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನೊಳಗೊಂಡು 1939ರಲ್ಲಿ ಹೊರಬಂದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟದ ಮೊದಲ ಭಾಗವನ್ನು ತೆಗೆದು, ಒಂದೊಂದೇ ಸಂಖ್ಯೆಯನ್ನು ತಾಳೆ ನೋಡಿದೆವು. ನಾಲ್ಕು ಸಂಖ್ಯೆಗಳಲ್ಲಿ ಬೇರೆ ಊರುಗಳ ಶಾಸನಗಳಿದ್ದವು. ಇನ್ನು ಮೂರು ಶಾಸನಗಳು ನಮಗೆ ಎಲ್ಲಿಯೂ ದೊರೆಯಲಿಲ್ಲ.

ಲೇಖಕರನ್ನು ಕರೆಸಿ ಕೇಳಿದೆವು. ಅವರು ಮುಚ್ಚಿಡಲಿಲ್ಲ. ಕೃತಕ ಬುದ್ಧಿಯ ಯಂತ್ರಕ್ಕೆ ಹಳ್ಳಿಯ ಹೆಸರನ್ನು ಕೊಟ್ಟು ಬರೆಸಿದ್ದರು. “ಸಾರ್, ಅದು ಅಷ್ಟು ಖಚಿತವಾಗಿ ಹೇಳುವಾಗ ಸುಳ್ಳೆಂದು ನಾನು ಹೇಗೆ ತಿಳಿಯಬೇಕು?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅಂದು ನಾವು ಕೊಟ್ಟ ಉತ್ತರವನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಬರೆಯುತ್ತಿದ್ದೇವೆ.

2022ರ ನವೆಂಬರ್ 30ರಂದು ಬಂದ ಚಾಟ್ ಜಿಪಿಟಿಯಾಗಲಿ, ಅದರ ಅನಂತರ ಬಂದ ಅದರ ದಾಯಾದಿಗಳಾಗಲಿ, ಮೂಲತಃ ಮಾಡುವ ಕೆಲಸ ಒಂದೇ: ಕೋಟ್ಯಂತರ ಪುಟಗಳಿಂದ ಕಲಿತ ವಾಡಿಕೆಯ ಮೇಲೆ, ಈ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂದು ಲೆಕ್ಕಹಾಕಿ ಅದನ್ನು ಇಡುವುದು. ಅಡಿಟಿಪ್ಪಣಿಯ ಆಕಾರ ಅದಕ್ಕೆ ಚೆನ್ನಾಗಿ ಗೊತ್ತು: ಸಂಪುಟ, ಸಂಖ್ಯೆ, ಪುಟ. ಆ ಆಕಾರವನ್ನು ತುಂಬುವ ಅಂಕಿಗಳು ನಿಜವಾಗಿರಬೇಕೆಂಬ ಹಟ ಅದಕ್ಕಿಲ್ಲ. ‘ಹೀಗಿರಬಹುದು’ ಎಂಬುದನ್ನು ಅದು ‘ಹೀಗಿದೆ’ ಎಂಬ ಧ್ವನಿಯಲ್ಲಿ ಹೇಳುತ್ತದೆ. ನಮ್ಮಲ್ಲಿ ಪಾಠ ಓದದೆ ಪರೀಕ್ಷೆಗೆ ಬಂದ ಜಾಣ ಹುಡುಗನೂ ಹೀಗೆಯೇ ಬರೆಯುತ್ತಾನೆ. ಆದರೆ ಅವನ ಕೈ ಸ್ವಲ್ಪವಾದರೂ ನಡುಗುತ್ತದೆ.

ಇದು ನಮ್ಮ ಮೂಲೆಯ ಸಂಕಟ ಮಾತ್ರವಲ್ಲ. 2023ರ ಆರಂಭದಲ್ಲಿ ಕೆಲವು ಪ್ರಬಂಧಗಳಲ್ಲಿ ಯಂತ್ರದ ಹೆಸರೇ ಸಹಲೇಖಕನ ಸ್ಥಾನದಲ್ಲಿ ಕಾಣಿಸಿಕೊಂಡಿತು. ಯಂತ್ರವನ್ನು ಲೇಖಕನೆಂದು ಒಪ್ಪುವುದಿಲ್ಲವೆಂದು ‘ನೇಚರ್’, ‘ಸೈನ್ಸ್’ ಪತ್ರಿಕೆಗಳು ಜನವರಿಯಲ್ಲೇ ಸಾರಿದವು. ಕೋಪ್ ಎಂಬ ಪ್ರಕಟಣ ನೀತಿಯ ಅಂತರರಾಷ್ಟ್ರೀಯ ಸಮಿತಿಯೂ ಮರುತಿಂಗಳು ಅದನ್ನೇ ಹೇಳಿತು. ಬರೆದದ್ದಕ್ಕೆ ಹೊಣೆ ಹೊರಲಾರದವನು ಲೇಖಕನಾಗಲಾರ ಎಂಬುದೇ ಕಾರಣ. ಆದರೂ 2024ರಲ್ಲಿ ಎಲ್ಸೆವಿಯರ್ ಸಂಸ್ಥೆಯ ಪತ್ರಿಕೆಯೊಂದರಲ್ಲಿ ಅಚ್ಚಾದ ಪ್ರಬಂಧದ ಮೊದಲ ವಾಕ್ಯವೇ, ‘ಆಗಲಿ, ನಿಮ್ಮ ವಿಷಯಕ್ಕೆ ಒಂದು ಪೀಠಿಕೆ ಇಲ್ಲಿದೆ’ ಎಂಬ ಅರ್ಥದ ಯಂತ್ರದ ಮಾತಾಗಿತ್ತು! ಲೇಖಕರು ಓದಲಿಲ್ಲ, ಪರಿಶೀಲಕರು ಓದಲಿಲ್ಲ, ಸಂಪಾದಕರೂ ಓದಲಿಲ್ಲವೆಂದು ತಾನೆ ಅರ್ಥ? 2025ರ ಜುಲೈಯಲ್ಲಿ ಜಪಾನಿನ ‘ನಿಕ್ಕೆ’ ಪತ್ರಿಕೆ ಹದಿನೇಳು ಕರಡು ಪ್ರಬಂಧಗಳಲ್ಲಿ, ‘ಒಳ್ಳೆಯ ಅಭಿಪ್ರಾಯವನ್ನೇ ಕೊಡು’ ಎಂದು ಯಂತ್ರಕ್ಕೆ ಮಾಡಿದ ಗುಪ್ತ ಸೂಚನೆಗಳನ್ನು ಪತ್ತೆಹಚ್ಚಿತು. ಪರಿಶೀಲಕರೂ ಯಂತ್ರದಿಂದಲೇ ಓದಿಸುತ್ತಾರೆಂಬ ನಂಬಿಕೆ!

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. 1950ರ ದಶಕದ ಒಂದು ವಿಜ್ಞಾನ ಪತ್ರಿಕೆಯ ಎರಡು ಅಂಕಣಗಳ ಪುಟವನ್ನು ಗಣಕಯಂತ್ರಕ್ಕೆ ಏರಿಸುವಾಗ, ಎಡ ಅಂಕಣದ ‘ವೆಜಿಟೇಟಿವ್’ ಪದವು ಬಲ ಅಂಕಣದ ‘ಎಲೆಕ್ಟ್ರಾನ್ ಮೈಕ್ರಾಸ್ಕೊಪಿ’ಗೆ ಅಂಟಿಕೊಂಡಿತು. ಅರ್ಥವೇ ಇಲ್ಲದ ಈ ಜೋಡಿಪದ ಮುಂದೆ ಹಲವು ಪ್ರಬಂಧಗಳಲ್ಲಿ ಕಾಣಿಸಿಕೊಂಡಿತು. ಯಂತ್ರಗಳೂ ಅದನ್ನು ಕಲಿತು ಒಪ್ಪಿಸುತ್ತಿರುವುದು 2025ರಲ್ಲಿ ಬೆಳಕಿಗೆ ಬಂತು. ಇಂಗ್ಲಿಷಿನಂಥ ಸಮುದ್ರದಲ್ಲೇ ಈ ತೊಟ್ಟು ಕರಗದೆ ಉಳಿದಿದ್ದರೆ, ಗಡಿನಾಡ ಕನ್ನಡದ ಗತಿಯೇನು? ನಮ್ಮ ಒಂದು ಹಳ್ಳಿಯ ವಿಷಯವಾಗಿ ಇರುವುದು ಎಷ್ಟೋ ಸಲ ಒಂದೇ ಲೇಖನ. ಅದರಲ್ಲಿ ಇಲ್ಲದ ಶಾಸನ ಸೇರಿತೆಂದರೆ ನಾಳೆ ಅದು ಸ್ಥಳಪುರಾಣಕ್ಕೆ ಹೋಗುತ್ತದೆ, ಪಿಎಚ್.ಡಿ. ಪ್ರಬಂಧಕ್ಕೆ ಹೋಗುತ್ತದೆ, ಯಂತ್ರದ ಹೊಟ್ಟೆಗೂ ಹೋಗಿ ‘ಆಧಾರ’ವಾಗಿ ಹಿಂದಿರುಗುತ್ತದೆ. ಇಲ್ಲಿ ಕನ್ನಡವಿತ್ತೇ ಎಂದು ಕೇಳುವವರಿರುವ ಸೀಮೆಯಲ್ಲಿ ಒಂದು ಸುಳ್ಳು ಶಾಸನ ಸಿಕ್ಕಿಬಿದ್ದರೆ, ಅದರ ಪಕ್ಕದ ಹತ್ತು ನಿಜ ಶಾಸನಗಳ ಮಾತೂ ನಡೆಯುವುದಿಲ್ಲ.

ಹಾಗಾದರೆ ಯಂತ್ರಬರಹವನ್ನು ಹಿಡಿಯುವ ಯಂತ್ರವನ್ನೇ ಕೊಳ್ಳೋಣವೆಂದು ಸಮಿತಿಯಲ್ಲಿ ಒಬ್ಬ ಮಿತ್ರರು ಸೂಚಿಸಿದರು. ನಾವು ಒಪ್ಪಲಿಲ್ಲ. ಚಾಟ್ ಜಿಪಿಟಿಯನ್ನು ಮಾಡಿದ ಓಪನ್ ಎಐ ಸಂಸ್ಥೆಯೇ ತಾನು ತಂದ ಅಂಥ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ತಾಯಿನುಡಿಯಲ್ಲದವರು ಸ್ವಂತ ಕೈಯಿಂದ ಬರೆದ 91 ಪ್ರಬಂಧಗಳನ್ನು ಏಳು ಸಾಧನಗಳಿಗೆ ಒಡ್ಡಿದರು. ಸರಾಸರಿ ನೂರಕ್ಕೆ 61ರಷ್ಟನ್ನು ಅವು ಯಂತ್ರದವೆಂದವು. ಸರಳ ಇಂಗ್ಲಿಷಿನಲ್ಲಿ ಬರೆಯುವ ನಮ್ಮಂಥವರೇ ಮೊದಲು ಕಳ್ಳರಾಗುತ್ತೇವೆ.

ಯಂತ್ರವನ್ನು ಮುಟ್ಟಲೇಬಾರದೆಂಬ ಮಡಿ ನಮಗಿಲ್ಲ. ಕಾಗುಣಿತ ತಿದ್ದಿಸಲಿ, ಇಂಗ್ಲಿಷ್ ಸಾರಾಂಶ ಮಾಡಿಸಲಿ. ಆದರೆ ಎಲ್ಲಿ, ಎಷ್ಟು ಬಳಸಿದೆವೆಂದು ಲೇಖನದ ಕೆಳಗೆ ಬರೆಯಬೇಕು. ಉಲ್ಲೇಖಿಸಿದ ಪ್ರತಿಯೊಂದು ಗ್ರಂಥದ ಆ ಪುಟವನ್ನು ಲೇಖಕರು ಕಣ್ಣಾರೆ ಕಂಡಿರಬೇಕು. ಕೇಳಿದರೆ ಪುಟದ ಪ್ರತಿಯನ್ನು ತೋರಿಸಬೇಕು. ಬಂದ ಲೇಖನವನ್ನು, ಅಚ್ಚಾಗುವ ಮೊದಲು, ಲೇಖಕರ ಅಪ್ಪಣೆಯಿಲ್ಲದೆ ನಮ್ಮ ಪರಿಶೀಲಕರು ಯಂತ್ರಕ್ಕೆ ಒಪ್ಪಿಸಕೂಡದು. ಸಮಿತಿ ಇಷ್ಟನ್ನು ಒಪ್ಪಿದೆ.

ಆ ತರುಣ ಮಿತ್ರರು ಬೇಸಿಗೆ ರಜೆಯಲ್ಲಿ ಆ ಹಳ್ಳಿಗೆ ಮೂರು ಸಲ ಹೋಗಿಬಂದರು. ಹದಿನಾರು ಪುಟಗಳಿದ್ದ ಪ್ರಬಂಧ ಈಗ ಐದಾಗಿ ಇದೇ ಸಂಚಿಕೆಯಲ್ಲಿ ಅಚ್ಚಾಗಿದೆ. ಅದರಲ್ಲಿರುವುದು ಎರಡೇ ಶಾಸನಗಳು. ಎರಡನೆಯದರಲ್ಲಿ ಮೂರು ಸಾಲು ಸವೆದುಹೋಗಿರುವುದರಿಂದ ಅಲ್ಲಿ ಚುಕ್ಕಿಗಳನ್ನು ಇಟ್ಟಿದ್ದಾರೆ.