ಹಿಂದಿಕ್ಕಲು ಹುರಿದುಂಬಿಸುವ ನಿಯಮ

ಸಹೋದರಿಯರೇ, ಕಾರು ರೇಸ್ ನೋಡುವ ಮಗನ ಪಕ್ಕದಲ್ಲಿ ಒಂದು ದಿನ ಕುಳಿತು ನೋಡಿ. ಮುಂದಿನ ಕಾರು ಕದಡಿದ ಗಾಳಿಯಿಂದ ಹಿಂದಿನ ಕಾರಿನ ಹಿಡಿತ ಸಡಿಲವಾಗುತ್ತದೆ. ತಿರುವಿನಲ್ಲಿ ಹತ್ತಿರ ಬರುವುದೇ ಕಷ್ಟ. ಹಿಂದಿಕ್ಕುವವರೇ ಇಲ್ಲದಿದ್ದರೆ ನೋಡುಗರಿಗೆ ಸ್ವಾರಸ್ಯವೇನು? ಅದಕ್ಕೆಂದೇ ಫಾರ್ಮುಲಾ ವನ್‌ನಲ್ಲಿ 2011ರಲ್ಲಿ ಹೊಸ ನಿಯಮ ತಂದರು. ಮುಂದಿನ ಕಾರಿನಿಂದ 1 ಸೆಕೆಂಡಿನೊಳಗಿನ ಅಂತರದಲ್ಲಿದ್ದ ಚಾಲಕ, ಗೊತ್ತುಪಡಿಸಿದ ಜಾಗದಲ್ಲಿ ಹಿಂಬದಿ ರೆಕ್ಕೆಯ ಪಟ್ಟಿ ತೆರೆದು ವೇಗ ಹೆಚ್ಚಿಸಬಹುದಿತ್ತು. ಅದೇ ವರ್ಷ ಗ್ರೇಟರ್ ನೊಯ್ಡಾದಲ್ಲಿ ನಡೆದ ಭಾರತದ ಮೊದಲ ಫಾರ್ಮುಲಾ ವನ್ ರೇಸಿನಲ್ಲೂ ಈ ನಿಯಮವಿತ್ತು. 2026ರಲ್ಲಿ ಅದನ್ನು ಕೈಬಿಟ್ಟು, ಹಿಂದಿನಿಂದ ಸಮೀಪಿಸಿದವನಿಗೆ ಹೆಚ್ಚುವರಿ ವಿದ್ಯುತ್ ಬಲ ಕೊಡುವ ಏರ್ಪಾಡು ಮಾಡಿದ್ದಾರೆ.

ಆದರೆ ಅಲ್ಲಿ ಎಲ್ಲರದೂ ಒಂದೇ ದಿಕ್ಕು. ಎದುರಿನಿಂದ ಯಾರೂ ಬರುವುದಿಲ್ಲ. ನಮ್ಮ ನರಿಮೊಗರಿನ ರಸ್ತೆ ಹಾಗಲ್ಲ. ತಿರುವಿನಾಚೆ ಬಸ್ಸು ಬರುತ್ತಿರಬಹುದು, ಶಾಲೆ ಬಿಟ್ಟ ಮಕ್ಕಳು ನಡೆದು ಬರುತ್ತಿರಬಹುದು. ಇಲ್ಲಿ ಹಿಂದಿಕ್ಕಿದವನಿಗೆ ಬಹುಮಾನವೂ ಇಲ್ಲ.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ, 18 ವರ್ಷ ತುಂಬದ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಿಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಜೀವ ಹೋದರೆ ಯಾವ ದಂಡ ಕಟ್ಟಿ ಮರಳಿ ತರುವಿರಿ?

ರೇಸ್ ನೋಡಬೇಡವೆಂದು ಗದರಬೇಡಿ. ಈ ವ್ಯತ್ಯಾಸವನ್ನು ಕೂರಿಸಿ ಹೇಳಿ. ಬೈಕಿನ ಕೀ ಮನೆಯಲ್ಲಿ ಯಾರ ಕೈಗೆಟಕುವಂತಿದೆ ಎಂದು ಇಂದೇ ನೋಡಿ.